ಸರ್ವರ್ ಅಪ್‌ಗ್ರೇಡ್ ಅರ್ಧಕ್ಕೆ ನಿಂತರೆ ಸರಿಪಡಿಸುವುದು ಹೇಗೆ?

ಉಬುಂಟು ಎಂಬ ಆಪರೇಟಿಂಗ್ ಸಿಸ್ಟಮ್‌ನ 20.04 ಆವೃತ್ತಿಗೆ ಸಿಗುತ್ತಿದ್ದ ಐದು ವರ್ಷಗಳ ಸಾಮಾನ್ಯ ಭದ್ರತಾ ಬೆಂಬಲವು 2025ರ ಮೇ ತಿಂಗಳಿಗೆ ಮುಗಿದಿದೆ. ಮಂಗಳೂರಿನ ಬಂದರಿನ ಸಗಟು ಮಳಿಗೆಯಾಗಲಿ, ಉಡುಪಿಯ ಸಹಕಾರಿ ಸಂಘವಾಗಲಿ, ಲೆಕ್ಕಪತ್ರದ ಸರ್ವರ್ ಇನ್ನೂ ಅದರಲ್ಲೇ ನಡೆಯುತ್ತಿದ್ದರೆ 22.04ಕ್ಕೆ ಹೋಗುವುದನ್ನು ಮುಂದೂಡುವುದು ಸರಿಯಲ್ಲ. ಆದರೆ ಸಿಡಿಲು ಮಳೆಗೆ ಕರೆಂಟ್ ಹೋಗಿ, ಯುಪಿಎಸ್ ಬ್ಯಾಟರಿಯೂ ಕೈಕೊಟ್ಟು, ಅಪ್‌ಗ್ರೇಡ್ ನಡುವೆಯೇ ನಿಲ್ಲುವ ಸಾಧ್ಯತೆ ಕರಾವಳಿಯಲ್ಲಿ ಸದಾ ಇರುತ್ತದೆ. ಹಾಗೆ ನಿಂತ ಸರ್ವರನ್ನು ಬಹುಪಾಲು ಸಂದರ್ಭಗಳಲ್ಲಿ ಇದ್ದಲ್ಲೇ ಸರಿಪಡಿಸಬಹುದು.

ಯಂತ್ರ ಇನ್ನೂ ಚಾಲೂ ಇದ್ದರೆ ರೀಸ್ಟಾರ್ಟ್ ಮಾಡಲೇಬೇಡಿ. ಹೊಸ ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಡಿಸ್ಕಿಗೆ ಬಂದಿದ್ದರೂ ಯಂತ್ರ ಏಳುವಾಗ ಅದಕ್ಕೆ ಮೊದಲು ಬೇಕಾದ ಇನಿಟ್‌ರಾಮ್‌ಎಫ್‌ಎಸ್ ಕಡತ ತಯಾರಾಗಿರದಿದ್ದರೆ ಸರ್ವರ್ ಮತ್ತೆ ಏಳದೇ ಹೋಗಬಹುದು. ದೂರದಿಂದ ಎಸ್‌ಎಸ್‌ಎಚ್ ಮೂಲಕ ಕೆಲಸ ಮಾಡುತ್ತಿದ್ದಾಗ ಸಂಪರ್ಕ ಮಾತ್ರ ಕಡಿದಿದ್ದರೆ, ಅಪ್‌ಗ್ರೇಡ್ ಒಳಗೊಳಗೇ ಮುಂದುವರಿದಿರುವ ಸಂಭವ ಹೆಚ್ಚು. ಮತ್ತೆ ಲಾಗಿನ್ ಆಗಿ 'ಸುಡೊ ಸ್ಕ್ರೀನ್ -ಡಿ -ಆರ್' ಎಂದು ಕೊಟ್ಟರೆ ಬಿಟ್ಟ ಪರದೆಯೇ ಎದುರಿಗೆ ಬರುತ್ತದೆ. ಮಾಮೂಲಿ ಪೋರ್ಟ್ ಸ್ಪಂದಿಸದಿದ್ದರೆ 1022ರಲ್ಲಿ ಪ್ರಯತ್ನಿಸಿ. ಅಪ್‌ಗ್ರೇಡ್ ಸಾಧನವು ಇಂಥ ಹೊತ್ತಿಗೆಂದೇ ಅದನ್ನು ತೆರೆದಿಡುತ್ತದೆ, ಆದರೆ ಫೈರ್‌ವಾಲ್‌ನಲ್ಲಿ ಅದಕ್ಕೆ ನೀವೇ ಅನುಮತಿ ಕೊಟ್ಟಿರಬೇಕು.

ಕರೆಂಟ್ ಹೋಗಿ ಯಂತ್ರವೇ ಆರಿಹೋಗಿದ್ದರೆ, ಆನ್ ಮಾಡುವಾಗ ಮೊದಲಿಗೆ ಬರುವ ಗ್ರಬ್ ಎಂಬ ಬೂಟ್ ಮೆನುವಿನ 'ಅಡ್ವಾನ್ಸ್‌ಡ್ ಆಪ್ಷನ್ಸ್' ಒಳಗೆ ಹೋಗಿ ಹಳೆಯ ಕರ್ನಲ್ ಆರಿಸಿಕೊಳ್ಳಿ.

ಒಳಹೊಕ್ಕ ಮೇಲೆ ಮೊದಲು ಡೇಟಾಬೇಸಿನ ಪ್ರತಿಯೊಂದನ್ನು ಹೊರಗಿನ ಡಿಸ್ಕಿಗೆ ತೆಗೆದಿಡಿ, ಏಕೆಂದರೆ ಮುಂದಿನ ಹೆಜ್ಜೆಗಳಲ್ಲಿ ಆಪರೇಟಿಂಗ್ ಸಿಸ್ಟಮ್ ಕೆಟ್ಟರೂ ಅದನ್ನು ಹೊಸದಾಗಿ ಹಾಕಿಕೊಳ್ಳಬಹುದು, ಸದಸ್ಯರ ಖಾತೆಗಳ ಲೆಕ್ಕವನ್ನು ಹಾಗೆ ಮರಳಿ ತರಲಾಗದು. ಅನಂತರ '/ವಾರ್/ಲಾಗ್/ಡಿಸ್ಟ್-ಅಪ್‌ಗ್ರೇಡ್' ಫೋಲ್ಡರಿನಲ್ಲಿರುವ 'ಮೇನ್.ಲಾಗ್' ಮತ್ತು 'ಆಪ್ಟ್-ಟರ್ಮ್.ಲಾಗ್' ಕಡತಗಳನ್ನು ಓದಿ. ಕಡೆಯ ಸಾಲು ಹೆಚ್ಚಾಗಿ ಪರಿಣಾಮವನ್ನಷ್ಟೇ ಹೇಳುತ್ತದೆ. ಕಾರಣ ಬೇಕಿದ್ದರೆ ಮೊದಲ ದೋಷ ಕಾಣಿಸುವವರೆಗೆ ಮೇಲಕ್ಕೆ ಹೋಗಬೇಕು.

ಆ ಕಾರಣ ಅನೇಕ ಬಾರಿ ಜಾಗದ ಕೊರತೆಯೇ ಆಗಿರುತ್ತದೆ. 'ಡಿಎಫ್ -ಎಚ್' ಕೊಟ್ಟು ನೋಡಿ. '/ಬೂಟ್' ಪ್ರತ್ಯೇಕ ವಿಭಾಗವಾಗಿದ್ದು ಹಳೆಯ ಕರ್ನಲ್‌ಗಳಿಂದ ತುಂಬಿಹೋಗಿದ್ದರೆ, 'ಯುನೇಮ್ -ಆರ್' ತೋರಿಸುವ ಚಾಲ್ತಿ ಕರ್ನಲ್ ಮತ್ತು ಹೊಸದಾಗಿ ಬಂದ ಕರ್ನಲ್ ಎರಡನ್ನೂ ಬಿಟ್ಟು ಉಳಿದವನ್ನು ತೆಗೆಯಿರಿ. 'ಆಪ್ಟ್ ಕ್ಲೀನ್' ಕೊಟ್ಟರೂ ಜಾಗ ಸಿಗುತ್ತದೆ, ಆದರೆ ಅದು '/ವಾರ್' ಕಡೆಯ ಜಾಗ. ಜೊತೆಗೆ ಇಳಿಸಿಕೊಂಡ ಪ್ಯಾಕೇಜ್‌ಗಳೂ ಅಳಿಸಿಹೋಗುವುದರಿಂದ ಇಂಟರ್ನೆಟ್ ನಿಧಾನವಿರುವಲ್ಲಿ ಅದನ್ನು ಕೊನೆಗೆ ಇಟ್ಟುಕೊಳ್ಳುವುದು ಒಳ್ಳೆಯದು.

ಜಾಗ ಸಿಕ್ಕ ಮೇಲೆ 'ಸುಡೊ ಡಿಪಿಕೆಜಿ --ಕಾನ್ಫಿಗರ್ -ಎ', ಅದರ ಬೆನ್ನಿಗೆ 'ಸುಡೊ ಆಪ್ಟ್ --ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್', ಬಳಿಕ 'ಸುಡೊ ಆಪ್ಟ್ ಫುಲ್-ಅಪ್‌ಗ್ರೇಡ್' ನಡೆಸಿ. ಲಾಕ್ ಇದೆ ಎಂಬ ದೂರು ಬಂದರೆ ಲಾಕ್ ಕಡತವನ್ನು ಅಳಿಸಲು ಹೋಗದೆ, ಹಿನ್ನೆಲೆಯಲ್ಲಿ ಯಾವ ಪ್ರಕ್ರಿಯೆ ಓಡುತ್ತಿದೆಯೆಂದು 'ಪಿಎಸ್' ಮೂಲಕ ನೋಡಿ, ಅದು ಮುಗಿಯುವವರೆಗೆ ಕಾಯಿರಿ. ಎಲ್ಲವೂ ದೋಷವಿಲ್ಲದೆ ಮುಗಿದಾಗ 'ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ -ಯು -ಕೆ ಆಲ್' ಹಾಗೂ 'ಅಪ್‌ಡೇಟ್-ಗ್ರಬ್' ಎರಡನ್ನೂ ಸುಡೊ ಜೊತೆ ಕೊಟ್ಟು, ಆಮೇಲಷ್ಟೇ ರೀಸ್ಟಾರ್ಟ್ ಮಾಡಿ.

ಸರ್ವರ್ ಎದ್ದರೂ ತಂತ್ರಾಂಶ ತೆರೆದುಕೊಳ್ಳದಿರಬಹುದು. 20.04ರಲ್ಲಿ ವೆಬ್ ತಂತ್ರಾಂಶ ಬರೆಯುವ ಭಾಷೆಯಾದ ಪಿಎಚ್‌ಪಿ 7.4 ಇತ್ತು, 22.04ರಲ್ಲಿ ಇರುವುದು 8.1, ಹಳೆಯ ಕೋಡ್ ಇದಕ್ಕೆ ಹೊಂದದಿದ್ದರೆ ಅದನ್ನು ಬರೆದವರೇ ತಿದ್ದಿಕೊಡಬೇಕಾಗುತ್ತದೆ. ಹೊರಗಿನ ರೆಪಾಸಿಟರಿಗಳನ್ನು (ಉಬುಂಟುವಿನದಲ್ಲದ ಪ್ಯಾಕೇಜ್ ಮೂಲಗಳನ್ನು) ಅಪ್‌ಗ್ರೇಡ್ ವೇಳೆ ನಿಷ್ಕ್ರಿಯಗೊಳಿಸಲಾಗಿರುವುದರಿಂದ, ಹೊಸ ಆವೃತ್ತಿಗೆ ಲಭ್ಯವಿರುವುದನ್ನು ಖಚಿತಪಡಿಸಿಕೊಂಡು ಒಂದೊಂದಾಗಿ ಮರಳಿ ಸೇರಿಸಿ. ಪೋಸ್ಟ್‌ಗ್ರೆಸ್ ಡೇಟಾಬೇಸ್ ಬಳಸುವವರು ಇನ್ನೂ ಎಚ್ಚರದಿಂದಿರಬೇಕು: ದತ್ತಾಂಶವು ಹಳೆಯ 12ನೇ ಆವೃತ್ತಿಯ ಕ್ಲಸ್ಟರಿನಲ್ಲೇ (ಡೇಟಾಬೇಸ್ ಸಂಗ್ರಹದಲ್ಲೇ) ಉಳಿದಿರುತ್ತದೆ, ಆದ್ದರಿಂದ ಅದನ್ನು 'ಪಿಜಿ_ಅಪ್‌ಗ್ರೇಡ್‌ಕ್ಲಸ್ಟರ್' ಮೂಲಕ 14ಕ್ಕೆ ಸಾಗಿಸಿ ಲೆಕ್ಕ ತಾಳೆ ನೋಡುವವರೆಗೆ, ಬಳಕೆಯಲ್ಲಿಲ್ಲದ ಪ್ಯಾಕೇಜ್‌ಗಳನ್ನು ತೆಗೆಯಲೇ ಎಂಬ ಪ್ರಶ್ನೆಗೆ ಬೇಡವೆಂದೇ ಉತ್ತರಿಸಿ.