ಒಣ ಪ್ಯಾಚ್‌ನಲ್ಲಿ 25 ಈಡು, ನಡುವೆ ಒಮ್ಮೆಯೂ ಒರೆಸದೆ

ಬಾಯಿಯಿಂದ ತುಂಬುವ ಕೋವಿಯಲ್ಲಿ ಗುಂಡಿಗೆ ಸುತ್ತುವ ಬಟ್ಟೆಯ ತುಂಡೇ ಪ್ಯಾಚ್. ಅದು ಒದ್ದೆ ಇರಬೇಕು, ಇಲ್ಲದಿದ್ದರೆ ಬಟ್ಟೆ ಸುಡುತ್ತೆ, ಮೂರನೇ ಈಡಿಗೇ ಗುಂಡು ನಳಿಗೆಯ ಅರ್ಧದಲ್ಲಿ ಕೂತುಬಿಡುತ್ತೆ. ಪೆನ್ಸಿಲ್ವೇನಿಯಾದ ನಮ್ಮ ರೇಂಜ್‌ನಲ್ಲಿ ಮೂವತ್ತು ನಲವತ್ತು ವರ್ಷದಿಂದ ಫ್ಲಿಂಟ್‌ಲಾಕ್ (ಚಕಮಕಿ ಕಲ್ಲಿನ ಕಿಡಿಯಿಂದ ಹೊತ್ತುವ ಕೋವಿ) ಹೊಡೆಯುವವರು ಹೇಳುವ ಮಾತು ಇದು. ಒಣ ಪ್ಯಾಚ್ ತಂದಾಗ ಒಬ್ಬರೂ ಒಪ್ಪಲಿಲ್ಲ. ಈಗ ಅದೇ ಕೋವಿ 25 ಈಡು ಹೊಡೆದರೂ ನಡುವೆ ನಳಿಗೆ ಒರೆಸುವ ಮಾತಿಲ್ಲ, ಮೊದಲ ಗುಂಡು ಇಳಿದಷ್ಟೇ ಸಲೀಸಾಗಿ ಕೊನೆಯದೂ ಇಳಿಯುತ್ತೆ. 50 ಗಜದಲ್ಲಿ, ಮರಳಿನ ಚೀಲದ ಮೇಲಿಟ್ಟು, ಐದು ಗುಂಡು ಸುಮಾರು ಒಂದೂವರೆ ಇಂಚಿನೊಳಗೆ. ಮೊದಲು ಐದು, ಆರು ಇಂಚು ಚದುರುತ್ತಿತ್ತು. ಒಪ್ಪದವರಲ್ಲಿ ಇಬ್ಬರು ಈಗ ಈ ಒಣ ಪ್ಯಾಚ್ ಬಟ್ಟೆಯ ಪಟ್ಟಿ ಕೇಳಿ ಒಯ್ಯುತ್ತಾರೆ, ಅದನ್ನೂ ಬರೆದಿಡಬೇಕು.

ಕೋವಿ .50 ಕ್ಯಾಲಿಬರ್ (ನಳಿಗೆಯ ಒಳ ಅಗಲ ಅರ್ಧ ಇಂಚು), 42 ಇಂಚಿನ ನಳಿಗೆ, ಒಳಗಿನ ಸುರುಳಿ ಗೀರು (ಗ್ರೂವ್) 66 ಇಂಚಿಗೆ ಒಂದು ಸುತ್ತು. ಸೆಕೆಂಡ್‌ಹ್ಯಾಂಡ್, ಸುಮಾರು 1,100 ಡಾಲರ್. ಗುಂಡು .490 ಇಂಚು, ಅಚ್ಚಿನಲ್ಲಿ ಎರಕ ಹೊಯ್ದದ್ದು, ಶುದ್ಧ ಸೀಸ. ಮದ್ದು ಮೂರು ಎಫ್ (ಸಣ್ಣ ಕಾಳಿನ ಕಪ್ಪು ಮದ್ದು), 70 ಗ್ರೇನ್, ಗ್ರೇನ್ ಅಂದರೆ ತೂಕದ ಒಂದು ಸಣ್ಣ ಅಳತೆ. ಊರಲ್ಲಿ ಕೇಪಿನ ಕೋವಿ ನೋಡಿದವರಿಗೆ ಮದ್ದು ಜಡಿಯುವ ಸರಳಿಗೂ ಗಜ ಅನ್ನುತ್ತಾರೆ ಅಂತ ಗೊತ್ತು. ದೂರಕ್ಕೂ ಗಜ, ಅದಕ್ಕೂ ಗಜ ಅಂದರೆ ಗೊಂದಲ, ಹಾಗಾಗಿ ಇಲ್ಲಿ ಸರಳು ಅಂತಲೇ ಬರೆಯುತ್ತೇನೆ.

ಮೊದಲ ಸೋಲು ಅಂಗಡಿಯ ಪ್ಯಾಚ್. ಜಿಡ್ಡು ಹಚ್ಚಿಯೇ ಮಾರುವ ದುಂಡನೆಯ ತುಂಡುಗಳು, ನೂರಕ್ಕೆ ಒಂಬತ್ತೋ ಹತ್ತೋ ಡಾಲರ್. ಜಿಡ್ಡಿನಲ್ಲೇ ವರ್ಷಗಟ್ಟಲೆ ಕೂತ ಹತ್ತಿ ಬಟ್ಟೆ ಪಿಸಿಯುತ್ತೆ. ಎರಡು ಕೈಯಲ್ಲಿ ಹಿಡಿದು ಎಳೆದರೆ ಹರಿಯುವ ಪ್ಯಾಚ್ ಈಡಿನಲ್ಲಿ ಏನಾಗಬೇಡ? ಕೋವಿಯ ಮುಂದೆ ಹತ್ತು ಹೆಜ್ಜೆಯಲ್ಲಿ ಬಿದ್ದಿದ್ದು ಪ್ಯಾಚ್ ಅಲ್ಲ, ಚಿಂದಿ. ಮೂರು ಪೊಟ್ಟಣ ಖಾಲಿಯಾದ ಮೇಲೆ ಈ ಬುದ್ಧಿ ಬಂತು.

ಎರಡನೆಯದು ಎಂಜಲಿನಲ್ಲಿ ಪ್ಯಾಚ್ ಒದ್ದೆ ಮಾಡುವುದು. ಬೇಸಿಗೆಯಲ್ಲಿ ಚೆನ್ನಾಗಿಯೇ ನಡೆಯುತ್ತೆ. ಆದರೆ ಬೇಟೆಗೆ ತುಂಬಿಟ್ಟು ಗಂಟೆಗಟ್ಟಲೆ ಕಾದರೆ ಎಂಜಲಿನ ತೇವ ಮದ್ದಿಗೆ ಇಳಿಯುತ್ತೆ, ಗುಂಡು ಕೂತ ಜಾಗದಲ್ಲಿ ತುಕ್ಕಿನ ಉಂಗುರವೂ ಬರುತ್ತೆ.

ಮೂರನೆಯದು ಕೊಬ್ಬರಿ ಎಣ್ಣೆ, ಇದರಲ್ಲಿ ನನ್ನದೇ ಹಟ ಇತ್ತು. ಪೆಟ್ರೋಲಿಯಂ ಗ್ರೀಸ್ ಮದ್ದಿನ ಕಿಟ್ಟದ ಜೊತೆ ಸೇರಿದರೆ ಟಾರಿನಂತಾಗುತ್ತೆ ಅಂತ ಎಲ್ಲರಿಗೂ ಗೊತ್ತು, ಗಿಡದ ಎಣ್ಣೆ ಹಾಗಾಗೋಲ್ಲ. ಎರಡು ಪಾಲು ಕೊಬ್ಬರಿ ಎಣ್ಣೆಗೆ ಒಂದು ಪಾಲು ಜೇನುಮೇಣ ಕರಗಿಸಿ ಪ್ಯಾಚ್‌ಗೆ ಉಜ್ಜಿದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಯಾವ ದೂರೂ ಇಲ್ಲ. ಆದರೆ ನಮ್ಮ ಫ್ಲಿಂಟ್‌ಲಾಕ್ ಬೇಟೆಯ ಸೀಸನ್ ಶುರುವಾಗುವುದು ಕ್ರಿಸ್ಮಸ್ ಕಳೆದ ಮೇಲೆ. 24 ಡಿಗ್ರಿಗೇ ಹೆಪ್ಪುಗಟ್ಟುವ ಎಣ್ಣೆ, ಮೇಲೆ ಮೇಣ ಬೇರೆ, ಹೊರಗೆ ಸೊನ್ನೆಗಿಂತ ಕೆಳಗೆ. ಪ್ಯಾಚ್ ರಟ್ಟಿನಂತಾಗಿ ಗುಂಡಿನ ಸುತ್ತ ಮಡಚಿಕೊಳ್ಳುವುದೇ ಇಲ್ಲ. ಮೇಣ ಕಮ್ಮಿ ಮಾಡಿದೆ, ಹರಳೆಣ್ಣೆ ಬೆರೆಸಿದೆ. ಹರಳೆಣ್ಣೆ ಬೆರೆತದ್ದು ಮೆತ್ತಗೇನೋ ಇತ್ತು, ಆದರೆ ಒಂದು ಪ್ಯಾಚ್‌ಗೂ ಇನ್ನೊಂದಕ್ಕೂ ಜಿಡ್ಡು ಸಮ ಇರಲಿಲ್ಲ, ಗುಂಡು ಮೇಲೆ ಕೆಳಗೆ ಎರಡೆರಡು ಇಂಚು ಓಡಾಡುತ್ತಿತ್ತು.

ಕೆಲಸಕ್ಕೆ ಬಂದ ಪಾಠ ಇದೇ. ಯಾವ ಎಣ್ಣೆ ಅನ್ನುವುದಕ್ಕಿಂತ ಎಷ್ಟು ಎಣ್ಣೆ, ಮತ್ತು ಪ್ರತಿ ಪ್ಯಾಚ್‌ನಲ್ಲೂ ಅಷ್ಟೇ ಇದೆಯಾ ಅನ್ನುವುದು ಮುಖ್ಯ. ಕೈಯಲ್ಲಿ ಉಜ್ಜಿದರೆ ಸಮ ಬರೋಲ್ಲ. ನೀರಿನಲ್ಲಿ ಬೆರೆಯುವ ಎಣ್ಣೆಯನ್ನು ಅಳೆದ ನೀರಿಗೆ ಹಾಕಿ, ಬಟ್ಟೆ ಪೂರ್ತಿ ನೆನೆಸಿ, ನೀರನ್ನು ಆರಲು ಬಿಟ್ಟರೆ ಉಳಿಯುವ ಎಣ್ಣೆ ತೆಳ್ಳಗೆ, ಎಲ್ಲ ಕಡೆ ಒಂದೇ ಸಮ. ಇದು ನಾನು ಕಂಡುಹಿಡಿದಿದ್ದಲ್ಲ, ಇಲ್ಲಿ ಹಲವರು ಮಾಡುತ್ತಾರೆ, ಅಷ್ಟೇ ಜನ ಅರ್ಧಕ್ಕೇ ಬಿಡುತ್ತಾರೆ. ಬಿಡುವುದಕ್ಕೆ ಕಾರಣಗಳಿವೆ.

ಬಟ್ಟೆಯಿಂದ ಶುರು. ಗಾದಿ, ದಿಂಬಿಗೆ ಬಳಸುವ ನೀಲಿ ಪಟ್ಟೆಯ ದಪ್ಪ ಹತ್ತಿ ಬಟ್ಟೆ, ನೂರಕ್ಕೆ ನೂರು ಹತ್ತಿ. ಸಂದೇಹ ಇದ್ದರೆ ಒಂದು ಎಳೆ ಸುಟ್ಟು ನೋಡಿ, ಬೂದಿಯಾದರೆ ಹತ್ತಿ, ಮುದ್ದೆಯಾದರೆ ವಾಪಸ್. ಹೊಸ ಬಟ್ಟೆಯ ಗಂಜಿ ಹೋಗುವವರೆಗೂ ಬಿಸಿನೀರಲ್ಲಿ ಎರಡು ಸಲ ಒಗೆಯಬೇಕು, ಮೆತ್ತಗೆ ಮಾಡುವ ದ್ರವ ಹಾಕಬಾರದು. ಗಂಜಿ ಇದ್ದ ಜಾಗಕ್ಕೆ ಎಣ್ಣೆ ಇಳಿಯೋಲ್ಲ, ಸುಡುವುದು ಅಲ್ಲೇ. ಕ್ಯಾಲಿಪರ್‌ನಲ್ಲಿ ಗಟ್ಟಿಯಾಗಿ ಒತ್ತಿ ಅಳೆದಾಗ 0.018 ಇಂಚು ಬರಬೇಕು. ಸುಮ್ಮನೆ ಮುಟ್ಟಿಸಿ ಅಳೆದರೆ 0.022 ತೋರಿಸುತ್ತೆ, ಅದನ್ನು ನಂಬಿ ತೆಳು ಬಟ್ಟೆ ಕೊಂಡವರು ಬಹಳ. ಹಳೆ ಪಂಚೆಯೂ ಪರೀಕ್ಷೆಗೆ ಹೋಯಿತು. ಒಂದು ಪದರ ತೀರಾ ತೆಳು, ಎರಡು ಪದರ ಹಾಕಿದರೆ ಒಂದರ ಮೇಲೊಂದು ಜಾರುತ್ತೆ. ಜಮಖಾನದ ತುಂಡು ಸುತ್ತಿಗೆ ಪೆಟ್ಟಿಗೂ ನಳಿಗೆಯ ಬಾಯಿ ದಾಟಲಿಲ್ಲ.

ಬಟ್ಟೆಗಿಂತ ಮೊದಲು ನಳಿಗೆಯನ್ನು ನೋಡಬೇಕಿತ್ತು, ಅದು ತಿಳಿದದ್ದು ತಡವಾಗಿ. ಬಿದ್ದ ಪ್ಯಾಚ್ ಹೆಕ್ಕಿ ನೋಡುವ ಅಭ್ಯಾಸ ಇಲ್ಲದವರು ಇದನ್ನು ಹಿಡಿಯಲಾರರು. ಅಂಚು ಜುಂಗು ಜುಂಗಾಗಿ, ನಡುವೆ ಬೂದು ಬಣ್ಣ ಇದ್ದರೆ ಸರಿ. ನಡುವೆ ಸುಟ್ಟ ತೂತಿದ್ದರೆ ಎಣ್ಣೆ ಸಾಲದು, ಇಲ್ಲವೇ ಬಟ್ಟೆ ತೆಳು. ಗುಂಡಿನ ಸುತ್ತಳತೆಯಲ್ಲಿ ಬ್ಲೇಡಿನಿಂದ ಗೀರಿದಂತೆ ಸಾಲಾಗಿ ಸೀಳಿದ್ದರೆ ಎಣ್ಣೆಯದೂ ಬಟ್ಟೆಯದೂ ತಪ್ಪಲ್ಲ, ಗ್ರೂವಿನ ಅಂಚೋ ನಳಿಗೆಯ ಬಾಯಿಯೋ ಹರಿತವಾಗಿದೆ. ನನ್ನ ಕೋವಿಯಲ್ಲಿ ಎರಡೂ. ಹಸಿರು ಸ್ಕಾಚ್‌ಬ್ರೈಟ್ ತುಂಡನ್ನು ಜ್ಯಾಗ್‌ಗೆ (ಒರೆಸುವ ಬಟ್ಟೆ ಹಿಡಿಯಲು ಸರಳಿನ ತುದಿಗೆ ಹಾಕುವ ಲೋಹದ ತುಂಡು) ಬಿಗಿಯಾಗಿ ಸುತ್ತಿ, ಎಣ್ಣೆ ಹಾಕಿ, ಉದ್ದಕ್ಕೂ ಸುಮಾರು ನೂರು ಸಲ ಓಡಿಸಿದೆ. ಬಾಯಿಗೆ 220ರ ಎಮರಿ ಕಾಗದ, ಆಮೇಲೆ 400, ಕೊನೆಗೆ 600. ಕಾಗದ ಬಾಯಿಯ ಮೇಲಿಟ್ಟು ಹೆಬ್ಬೆರಳಿನ ಮೆತ್ತನೆ ಭಾಗದಿಂದ ತಿರುವುತ್ತಾ, ನಡುನಡುವೆ ನಳಿಗೆಯನ್ನೂ ಕಾಲು ಸುತ್ತು ತಿರುಗಿಸಬೇಕು, ಇಲ್ಲದಿದ್ದರೆ ಒಂದೇ ಕಡೆ ಸವೆಯುತ್ತೆ. ಅರ್ಧ ಗಂಟೆಯ ಕೆಲಸ, ಖರ್ಚು ನಾಲ್ಕು ಡಾಲರ್. ಇದೊಂದರಿಂದಲೇ ಆರು ಇಂಚು ಮೂರೂವರೆಗೆ ಇಳಿಯಿತು.

ಈಗ ಎಣ್ಣೆ. ನಾನು ಬಳಸುವುದು ಬ್ಯಾಲಿಸ್ಟಾಲ್, ಕೋವಿಗೆ ಹಚ್ಚುವ, ನೀರಿನಲ್ಲಿ ಬೆರೆಯುವ ಎಣ್ಣೆ. ನೀರಿಗೆ ಹಾಕಿ ಅಲುಗಾಡಿಸಿದರೆ ಹಾಲಿನಂತಾಗುತ್ತೆ. ಆರರಿಂದ ಎಂಟು ಪಾಲು ನೀರಿಗೆ ಒಂದು ಪಾಲು ಎಣ್ಣೆ. ನನ್ನದು ಈ ನಡುವೆ ಎಲ್ಲಿ ನಿಂತಿತು ಅಂತ ಹೇಳಿ ಪ್ರಯೋಜನವಿಲ್ಲ, ಹೇಳುವುದೂ ಇಲ್ಲ. ಆರು, ಏಳು, ಎಂಟು ಮೂರನ್ನೂ ಬೇರೆ ಬೇರೆ ಪಟ್ಟಿಗೆ ಮಾಡಿ, ಒಂದೊಂದರಲ್ಲೂ ಹತ್ತು ಗುಂಡು ಹೊಡೆದು ನೋಡಿ. ಎಣ್ಣೆ ಹೆಚ್ಚಾದರೆ ಗುಂಡು ಎತ್ತರಕ್ಕೂ ತಗ್ಗಿಗೂ ಚದುರುತ್ತೆ, ಕಮ್ಮಿಯಾದರೆ ಏಳನೆಯದೋ ಎಂಟನೆಯದೋ ಇಳಿಸುವಾಗ ಸರಳು ಬಿಗಿಯಾಗುತ್ತೆ.

ಒಣಗಿಸುವುದರಲ್ಲೇ ಹೆಚ್ಚಿನವರು ಕೆಟ್ಟಿರುವುದು. ಒದ್ದೆ ಪಟ್ಟಿಯನ್ನು ಹಗ್ಗಕ್ಕೆ ನೇತುಹಾಕಿದರೆ ಎಣ್ಣೆ ಜಿನುಗಿ ಕೆಳತುದಿಗೆ ಸೇರುತ್ತೆ. ಮೇಲಿನ ತುಂಡು ಸುಡುತ್ತೆ, ಕೆಳಗಿನದು ಜಾರುತ್ತೆ, ದೂರು ಮಾತ್ರ ವಿಧಾನದ ಮೇಲೆ. ಹಪ್ಪಳ ಒಣಗಿಸಿದಂತೆ ಮಲಗಿಸಿ ಒಣಗಿಸಬೇಕು. ಹಿಂಡಬಾರದು. ಎರಡು ಬೆರಳ ನಡುವೆ ಒಂದು ಸಲ ಎಳೆದು, ತಟ್ಟೆಯ ಮೇಲೆ ಚಪ್ಪಟೆ ಹಾಸಿ, ಗಂಟೆಗೊಮ್ಮೆ ಮಗುಚಿ. ಬಿಸಿಲು ಬೇಡ, ಹೇರ್ ಡ್ರೈಯರ್ ಅಂತೂ ಬೇಡವೇ ಬೇಡ, ಒಂದು ರಾತ್ರಿ ಬಿಟ್ಟರೆ ಸಾಕು. ಮುಟ್ಟಿದರೆ ಒಣಗಿದೆ ಅನಿಸಬೇಕು, ಬೆರಳಿಗೆ ನುಣುಪು ಮಾತ್ರ ಹತ್ತಬೇಕು. ಡಬ್ಬಿಯಲ್ಲಿ ಎರಡು ತಿಂಗಳಿಗಿಂತ ಹೆಚ್ಚು ಇಡುವುದಿಲ್ಲ, ಅಂಗಡಿಯ ಪ್ಯಾಚ್‌ನ ಗತಿ ಇದಕ್ಕೂ ಬರಬಾರದು. ಒಣಗಿದ ಪಟ್ಟಿಗೆ ಮಾಡುವ ಇನ್ನೊಂದು ಸಣ್ಣ ಕೆಲಸ ಉಂಟು, ಅದನ್ನು ಬರುವ ಸ್ಪರ್ಧೆ ಮುಗಿದ ಮೇಲೆ ಕೇಳಿ.

ಮದ್ದು ತುಂಬುವ ಕ್ರಮ ಎಲ್ಲರಿಗೂ ಗೊತ್ತಿದ್ದದ್ದೇ. ನಾನು ಬದಲಿಸಿದ್ದು ಇಷ್ಟು: 90 ಗ್ರೇನ್‌ನಿಂದ 70ಕ್ಕೆ ಇಳಿದೆ, ಕತ್ತರಿಸಿದ ಪ್ಯಾಚ್ ಬಿಟ್ಟು ಒಂದೂವರೆ ಇಂಚಗಲದ ಪಟ್ಟಿಗೆ ಬಂದೆ. ಪಟ್ಟಿಯ ತುದಿ ಬಾಯಿಗೆ ಹಾಸಿ, ಎರಕದ ಮೊಟಕು (ಅಚ್ಚಿಗೆ ಸೀಸ ಹೊಯ್ದ ಜಾಗದ ಗುರುತು) ಮೇಲಕ್ಕೆ ಬರುವಂತೆ ಗುಂಡಿಟ್ಟು, ಬಾಯಿಯ ಸಮಕ್ಕೆ ಒತ್ತಿ, ಮಿಕ್ಕ ಬಟ್ಟೆಯನ್ನು ಚಾಕುವಿನಿಂದ ಕುಯ್ಯುವುದು. ಗುಂಡು ಪ್ಯಾಚ್‌ನ ನಟ್ಟನಡುವೆ ಕೂರಲು ಇದಕ್ಕಿಂತ ಸುಲಭ ದಾರಿ ಇಲ್ಲ. ಸರಳು ಇಳಿಸುವಾಗ ಗಿಡ್ಡ ಗಿಡ್ಡ ಹಿಡಿತ, ಒಂದಡಿಗಿಂತ ಮೇಲೆ ಹಿಡಿದು ಒತ್ತಿದರೆ ಮರದ ಸರಳು ಓರೆಯಾಗಿ ಸೀಳಿ ಅಂಗೈಗೇ ನುಗ್ಗುತ್ತೆ. ಸರಳಿನ ಮೇಲೆ ಎರಡು ಗೆರೆ ಇರಲಿ: ಖಾಲಿ ನಳಿಗೆಯದೊಂದು, ಈಡು ತುಂಬಿದಾಗಿನದೊಂದು. ಎರಡನೇ ಗೆರೆ ಬಾಯಿಯ ಸಮಕ್ಕೆ ಬರದಿದ್ದರೆ ಹೊಡೆಯಬಾರದು. ಗುಂಡಿಗೂ ಮದ್ದಿಗೂ ನಡುವೆ ಜಾಗ ಉಳಿದರೆ ನಳಿಗೆ ಉಬ್ಬುತ್ತೆ, ಇಲ್ಲಾ ಒಡೆಯುತ್ತೆ. ಕಿಟ್ಟ ಕಟ್ಟಿ ಗುಂಡು ಅರ್ಧಕ್ಕೆ ನಿಲ್ಲುವುದು ಬರೀ ಗುರಿಯ ಸಮಸ್ಯೆ ಅಲ್ಲ ಅನ್ನುವುದು ಅದಕ್ಕೇ. ಡಬ್ಬಿಯಿಂದ ನೇರ ನಳಿಗೆಗೆ ಮದ್ದು ಸುರಿಯುವವರ ಪಕ್ಕದಲ್ಲಿ ನಾನು ನಿಲ್ಲುವುದಿಲ್ಲ, ಒಳಗೊಂದು ಕೆಂಡ ಉಳಿದಿದ್ದರೆ ಸಾಕು.

ಮದ್ದು ಹಾಕುವುದನ್ನೇ ಮರೆತು ಗುಂಡು ಇಳಿಸುವುದು ಮಾತು ಹೆಚ್ಚಾದ ದಿನ ಆಗಿಯೇ ಆಗುತ್ತೆ. ಕಿವಿತೂತಿನಿಂದ (ಬೆಂಕಿ ಒಳಗೆ ಹೋಗುವ, ನಳಿಗೆಯ ಪಕ್ಕದ ಸಣ್ಣ ತೂತು) ನಾಲ್ಕು ಎಫ್ ಮದ್ದು, ಅಂದರೆ ಇನ್ನೂ ಸಣ್ಣ ಕಾಳಿನದು, ಚಿಟಿಕೆ ಚಿಟಿಕೆಯಾಗಿ ತೂರಿಸಿ, ಗುಂಡು ತಳದಲ್ಲಿ ಗಟ್ಟಿ ಕೂತಿದೆ ಅಂತ ಸರಳಿನಿಂದ ನೋಡಿ, ಸರಳು ಹೊರತೆಗೆದು, ಗುರಿಯ ಕಡೆಗೇ ಹೊಡೆದರೆ ಗುಂಡು ಆಚೆ ಬರುತ್ತೆ.

ಇಲ್ಲೊಂದು ಅಡ್ಡದಾರಿ ಪ್ರಯೋಗ. ಪ್ಯಾನಿನ (ಕಿಡಿ ಬೀಳುವ, ಕಿವಿತೂತಿನ ಪಕ್ಕದ ಪುಟ್ಟ ಬಟ್ಟಲು) ಮದ್ದನ್ನು ಕಿವಿತೂತಿನಿಂದ ದೂರ ಸರಿಸಿಡಬೇಕು, ಹತ್ತಿರ ಇದ್ದರೆ ಬತ್ತಿಯಂತೆ ನಿಧಾನ ಉರಿಯುತ್ತೆ ಅನ್ನುವುದು ಹಳೆಯ ಮಾತು. ಫೋನಿನ ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಹಾಕಿ, ಸೆಕೆಂಡಿಗೆ 240 ಚಿತ್ರದ ವೇಗದಲ್ಲಿ, ದೂರ ಹತ್ತು, ಹತ್ತಿರ ಹತ್ತು ಹೊಡೆದೆ. ಹತ್ತಿರ ಇದ್ದದ್ದೇ ಬೇಗ, ಒಂದೆರಡು ಚಿತ್ರದಷ್ಟು, ಮತ್ತು ಹತ್ತರಲ್ಲಿ ಹತ್ತೂ ಹೆಚ್ಚುಕಡಿಮೆ ಒಂದೇ ಸಮ. ತೂತು ಮುಚ್ಚುವಷ್ಟು ತುಂಬಬಾರದು, ಅಷ್ಟೇ. ಮೂರು ಗ್ರೇನ್ ಧಾರಾಳ. ಪ್ಯಾನು ಹೊತ್ತಿಯೂ ಈಡು ಹಾರದಿದ್ದರೆ ಕೋವಿಯನ್ನು ಗುರಿಯ ಕಡೆಗೇ ಹಿಡಿದು ಒಂದು ನಿಮಿಷ ಎಣಿಸಿ. ಆಮೇಲೆ ತೂತಿಗೆ ತಂತಿ ಹಾಕಿ, ಮತ್ತೆ ಪ್ಯಾನು ತುಂಬಿ. ಕಪ್ಪು ಇಂಗ್ಲಿಷ್ ಚಕಮಕಿ ಕಲ್ಲು ಚರ್ಮದಲ್ಲಿ ಕಚ್ಚಿಸಿದರೆ ಐವತ್ತು, ಅರವತ್ತು ಈಡು ಬಾಳುತ್ತೆ.

ತೆಂಗಿನ ನಾರಿನ ಪ್ರಯೋಗವೂ ಆಯಿತು, ನಯ ನಳಿಗೆಯ ಕೋವಿಗೆ ಚರೆ ಹಾಕುವಾಗ ಮದ್ದಿನ ಮೇಲೆ ಬಿಗಿಯಲು. ಬಿಗಿತ ಚೆನ್ನಾಗಿ ಸಿಗುತ್ತೆ. ಆದರೆ ನಾರು ಕೆಂಡವಾಗಿಯೇ ಹೊರಬಿದ್ದು ಒಣ ಹುಲ್ಲಿನಲ್ಲಿ ಹೊಗೆಯಾಡತೊಡಗಿತು. ಊರಿನ ಮಳೆಗಾಲಕ್ಕೆ ಸರಿ, ಇಲ್ಲಿನ ಒಣ ಅಕ್ಟೋಬರ್‌ಗೆ ಅಲ್ಲ.

ದುಡ್ಡಿನ ಲೆಕ್ಕ, ನೆನಪಿದ್ದಷ್ಟು. ಮೊದಲು ಪೌಂಡಿಗೆ ಇಪ್ಪತ್ತರ ಒಳಗೆ ಸಿಗುತ್ತಿದ್ದ ಮದ್ದು ಈಗ ಮೂವತ್ತು ದಾಟಿದೆ, ತರಿಸಿಕೊಂಡರೆ ಅಪಾಯಕಾರಿ ಸರಕಿನ ಸಾಗಣೆ ಖರ್ಚು ಬೇರೆ, ಹಾಗಾಗಿ ನಾಲ್ಕೈದು ಜನ ಸೇರಿ ತರಿಸುವುದು. ಪೌಂಡಿಗೆ 7,000 ಗ್ರೇನ್, 70ರಂತೆ ನೂರು ಈಡು. 90ರಲ್ಲಿ 78 ಈಡು ಕೂಡ ಆಗುತ್ತಿರಲಿಲ್ಲ. ಗುಂಡೊಂದು 177 ಗ್ರೇನ್ ಹತ್ತಿರ, ಪೌಂಡು ಸೀಸಕ್ಕೆ ನಲವತ್ತಕ್ಕೆ ಒಂದು ಕಮ್ಮಿ. ತೂಗಿ, 175ಕ್ಕಿಂತ ಹಗುರ ಬಂದದ್ದನ್ನು ಮತ್ತೆ ಕರಗಿಸುವ ಪಾತ್ರೆಗೆ ಹಾಕುತ್ತೇನೆ, ಒಳಗೆ ಗಾಳಿ ಸಿಕ್ಕಿರುತ್ತೆ. ಗಜ ಬಟ್ಟೆಗೆ ಒಂಬತ್ತು ಡಾಲರ್, ಒಗೆದು ಕುಗ್ಗಿದ ಮೇಲೂ ಆರುನೂರು ಪ್ಯಾಚ್. ಎಲ್ಲ ಸೇರಿ ಈಡಿಗೆ ನಲವತ್ತು ಸೆಂಟ್ ಆಸುಪಾಸು. ಸೋತ ಪ್ರಯೋಗಗಳಿಗೆ ಹೋದದ್ದು ಮುನ್ನೂರು ಡಾಲರ್ ಇರಬಹುದು, ಮನೆಯಲ್ಲಿ ಹೇಳಿದ ಲೆಕ್ಕ ಬೇರೆ.

ಬೆಂಚಿನಲ್ಲಿ ಕೂತು ಪ್ರತಿ ಈಡಿಗೂ ಒರೆಸಿ ಹೊಡೆಯುವವರ ಜೊತೆ ತಕರಾರಿಲ್ಲ, ಕಾಗದದ ಮೇಲಿನ ಸ್ಪರ್ಧೆಗೆ ಅದೂ ಸರಿ. ಕಾಡಿನಲ್ಲಿ ನಡೆಯುತ್ತಾ ಇಪ್ಪತ್ತು ಗುರಿ ಹೊಡೆಯುವ ದಿನ, ಬೆರಳು ಮರಗಟ್ಟಿದ ಜನವರಿಯಲ್ಲಿ, ಒರೆಸುವ ಬಟ್ಟೆ ಹುಡುಕುತ್ತಾ ನಿಲ್ಲುವುದು ನನಗೆ ಬೇಡವಾಗಿತ್ತು.

ತೊಳೆಯುವುದು ಇದರಲ್ಲಿ ಸುಲಭ, ಹತ್ತು ನಿಮಿಷ. ಕುದಿನೀರು ಬೇಡ, ನಳಿಗೆ ಬಿಸಿಯಾಗಿ ಕಣ್ಣೆದುರೇ ಕೆಂಪು ತುಕ್ಕು ಏಳುತ್ತೆ. ಉಗುರುಬೆಚ್ಚಗಿನ ನೀರಿಗೆ ಒಂದು ತೊಟ್ಟು ಪಾತ್ರೆ ಸೋಪು. ಅಂಟುವಾಳದ ನೀರೂ ಅಷ್ಟೇ ಕೆಲಸ ಮಾಡುತ್ತೆ, ಹೆಚ್ಚೇನಿಲ್ಲ. ಹಿಡಿಯ ಹಿತ್ತಾಳೆಗೆ ಹುಣಸೆಹಣ್ಣು ಉಜ್ಜಿದರೆ ದೇವರ ದೀಪದಂತೆ ಹೊಳೆಯುತ್ತೆ, ಆದರೆ ಹಳೆಯ ಬಣ್ಣ ಹೋಗಿ ಕೋವಿಯ ಬೆಲೆಯೂ ಇಳಿಯುತ್ತೆ, ಹಾಗಾಗಿ ಒಂದೇ ಸಲಕ್ಕೆ ಬಿಟ್ಟೆ. ಒಣ ಬಟ್ಟೆ ಬೆಳ್ಳಗೆ ಬರುವವರೆಗೂ ಓಡಿಸಿ, ಎಣ್ಣೆ ಹಚ್ಚಿ, ಬಾಯಿ ಕೆಳಗೆ ಮಾಡಿ ನಿಲ್ಲಿಸಿ. ಮರುದಿನ ಇನ್ನೊಂದು ಬಟ್ಟೆ ಓಡಿಸಿದಾಗ ಕಂದು ಬಣ್ಣ ಹತ್ತಿದರೆ ಮತ್ತೆ ನೀರಿನಿಂದಲೇ ಶುರು.