ಎರಡೂಮುಕ್ಕಾಲು ಲಕ್ಷದ ಗೇರ್‌ಬಾಕ್ಸ್, ಮೂವತ್ತೈದು ಸಾವಿರಕ್ಕೆ

ಚಾಮುಂಡಿ ಬೆಟ್ಟ ಹತ್ತುವಾಗ ಗಾಡಿ ಲಿಂಪ್ ಮೋಡ್‌ಗೆ (ತೊಂದರೆ ಕಂಡು ತಾನೇ ವೇಗ ತಗ್ಗಿಸಿಕೊಂಡು ಕುಂಟುವ ಸ್ಥಿತಿ) ಹೋದ ದಿನ ಭಾವ ಪಕ್ಕದಲ್ಲೇ ಕೂತಿದ್ದರು. "ಬೇಡ ಅಂದೆ, ಕೇಳಿದೆಯಾ? ಆನೆ ಸಾಕೋಕೆ ಹೊರಟಿದ್ದೀಯ" ಅಂದರು. ಹೋದ ತಿಂಗಳು ಅದೇ ಭಾವ ಮಗಳ ನಿಶ್ಚಿತಾರ್ಥದ ಓಡಾಟಕ್ಕೆ ಇದೇ ಗಾಡಿ ಕೇಳಿಕೊಂಡು ಬಂದರು. ಅದಕ್ಕೇ ಇಷ್ಟು ಧೈರ್ಯವಾಗಿ ಬರೆಯುತ್ತಿದ್ದೇನೆ.

ಸೆಕೆಂಡ್ ಹ್ಯಾಂಡ್ ಲಕ್ಷುರಿ ಗಾಡಿ: 2014ರ ಡೀಸೆಲ್ ಹ್ಯಾಚ್‌ಬ್ಯಾಕ್, ಡ್ಯುಯಲ್ ಕ್ಲಚ್ (ಎರಡು ಕ್ಲಚ್ ಇರುವ ಆಟೊಮ್ಯಾಟಿಕ್ ಗೇರ್). ತಗೊಂಡಾಗ 60 ಸಾವಿರ ಕಿಲೋಮೀಟರ್ ಚಿಲ್ಲರೆ ಓಡಿತ್ತು, ಕೊಟ್ಟಿದ್ದು ಒಂಬತ್ತು ಲಕ್ಷದ ಆಸುಪಾಸು. ಯಾವ ಕಂಪನಿ ಅಂತ ಹೇಳುವುದಿಲ್ಲ, ನಾಳೆ ಮಾರಬೇಕಲ್ಲ.

ಗೇರ್ ಒಂದರಿಂದ ಎರಡಕ್ಕೆ ಬೀಳುವಾಗ ಒದೆತ. ಟ್ರಾಫಿಕ್‌ನಲ್ಲಿ ತೆವಳುವಾಗ ನಡುಕ. ಆಮೇಲೆ ಲಿಂಪ್ ಮೋಡ್. ಆಫ್ ಮಾಡಿ ಆನ್ ಮಾಡಿದರೆ ಏನೂ ಆಗಿಲ್ಲವೇನೋ ಅನ್ನುವ ಹಾಗೆ ಓಡುತ್ತಿತ್ತು. ಸರ್ವಿಸ್ ಸೆಂಟರಿನಲ್ಲಿ ಸ್ಕ್ಯಾನರ್ ಚುಚ್ಚಿ ಹತ್ತು ನಿಮಿಷಕ್ಕೆ ತೀರ್ಪು ಕೊಟ್ಟರು: ಮೆಕಾಟ್ರಾನಿಕ್ (ಗೇರ್ ಬದಲಿಸುವ ಕಂಪ್ಯೂಟರ್ ಯೂನಿಟ್) ಹೋಗಿದೆ, 2.75 ಲಕ್ಷ, ಲೇಬರ್ ಬೇರೆ.

ನಾನು ಬುದ್ಧಿವಂತ ಅಲ್ವಾ, ಗಾಡಿ ಸ್ಪೇರ್ ಪಾರ್ಟ್ಸ್ ಸಿಗುವ ಬೆಂಗಳೂರಿನ ಜೆ.ಸಿ. ರಸ್ತೆ ಕಡೆ ಹೊರಟೆ. ಗುಜರಿ ಗಾಡಿಯಿಂದ ಬಿಚ್ಚಿದ ಯೂನಿಟ್ 45 ಸಾವಿರಕ್ಕೆ ಸಿಕ್ಕಿತು. ತಂದು ಹಾಕಿದರೆ ಗಾಡಿ ಡ್ರೈವ್‌ಗೇ ಬೀಳಲಿಲ್ಲ. ಆ ಯೂನಿಟ್‌ನ ಹೊಟ್ಟೆಯಲ್ಲಿ ಹಳೆ ಗಾಡಿಯ ಚಾಸಿ ನಂಬರ್ ಕೂತಿತ್ತು. ಅದನ್ನು ಅಳಿಸದೆ ನಮ್ಮ ಗಾಡಿ ಅದನ್ನು ಒಪ್ಪುವುದಿಲ್ಲ. ಮಾರಿದವನು ವಾಪಸ್ ತಗೊಂಡು 30 ಸಾವಿರ ಕೊಟ್ಟ. ಬಿಚ್ಚಿ ಕಟ್ಟಿದ್ದಕ್ಕೆ ಎಂಟು ಸಾವಿರ, ಎರಡು ಸಲ ಟೋಯಿಂಗ್ ಬೇರೆ. ಹತ್ತಿರ ಹತ್ತಿರ 27 ಸಾವಿರ ನೀರಿಗೆ ಹೋಯಿತು. ಮನೆಯಲ್ಲಿ ಇವತ್ತಿಗೂ 15 ಅಂತಲೇ ಲೆಕ್ಕ.

ಹಳೆ ಯೂನಿಟ್ಟನ್ನೇ ಮತ್ತೆ ಕೂರಿಸಿದ ದಿನ ಸುಮ್ನೆ ಮಲ್ಟಿಮೀಟರ್ ಹಿಡಿದೆ. ಸೆಲ್ಫ್ ಹೊಡೆಯುವಾಗ ಬ್ಯಾಟರಿ 8.9 ವೋಲ್ಟ್‌ಗೆ ಇಳಿಯಿತು. ಹಿಂದಿನ ಮಾಲೀಕರು ಎಜಿಎಂ ಅನ್ನುವ ದುಬಾರಿ ಜಾತಿಯ ಬ್ಯಾಟರಿ ಇರಬೇಕಾದ ಜಾಗಕ್ಕೆ ಮಾಮೂಲಿ ಬ್ಯಾಟರಿ ಕೂರಿಸಿ ಕೈ ತೊಳೆದುಕೊಂಡಿದ್ದರು. ಆಮೇಲೆ ಮೀಟರಿನ ಒಂದು ಮುಳ್ಳು ಬ್ಯಾಟರಿ ನೆಗೆಟಿವ್‌ಗೆ, ಇನ್ನೊಂದು ಗೇರ್‌ಬಾಕ್ಸ್ ಕೇಸಿಂಗ್‌ಗೆ ಇಟ್ಟು ಹೆಂಡತಿಗೆ ಸೆಲ್ಫ್ ಹೊಡೆಯಲು ಹೇಳಿದೆ. 0.9 ವೋಲ್ಟ್! 0.2 ದಾಟಿದರೇ ಅನುಮಾನ ಪಡಬೇಕು. ಅಡಿಗೆ ಮಲಗಿ ನೋಡಿದರೆ ಗೇರ್‌ಬಾಕ್ಸನ್ನು ಬಾಡಿಗೆ ಜೋಡಿಸುವ ಹೆಣೆದ ವೈರು, ಅಂದರೆ ಅರ್ತ್ ಸ್ಟ್ರಾಪ್, ಹಸಿರು ಕಟ್ಟಿ, ಅರ್ಧ ಎಳೆಗಳು ಕಿತ್ತು ಬಂದಿದ್ದವು.

ಗ್ಯಾರೇಜ್ ಭಾಯ್ ನಕ್ಕರು. "ಸಾರ್, ಬ್ಯಾಟರಿಗೂ ಗೇರ್‌ಗೂ ಏನ್ ಸಂಬಂಧ?" ಸಂಬಂಧ ಇದೆ: ಮೆಕಾಟ್ರಾನಿಕ್ ಕೂಡ ಕರೆಂಟಿನಿಂದಲೇ ನಡೆಯುವುದು, ವೋಲ್ಟೇಜ್ ಸಾಲದಿದ್ದರೆ ಅದೂ ತಡಬಡಾಯಿಸುತ್ತದೆ.

ಎಜಿಎಂ ಬ್ಯಾಟರಿ 17 ಸಾವಿರ. ಸ್ಟ್ರಾಪ್ 1,400. ಹೇಗೂ ಕೈ ಹಾಕಿದ್ದಾಯಿತು ಅಂತ ಗೇರ್ ಆಯಿಲ್, ಫಿಲ್ಟರ್ ಸೇರಿ 14 ಸಾವಿರ. ಇಳಿಸಿದ ಆಯಿಲ್ ಡಿಕಾಕ್ಷನ್ ಥರ ಕಪ್ಪಗಿತ್ತು. ತಣ್ಣಗಿರುವಾಗ ಲೆವೆಲ್ ನೋಡಿ ನಾನೇ ಒಂದು ಸಲ ಕೆಡಿಸಿದೆ, ಒದೆತ ಇನ್ನೂ ಜಾಸ್ತಿಯಾಯಿತು. ಸ್ಕ್ಯಾನರಿನಲ್ಲಿ ಆಯಿಲ್ ಬಿಸಿ ನೋಡಿಕೊಂಡೇ ತುಂಬಿಸಿ. ಅಡಾಪ್ಟೇಶನ್ ರೀಸೆಟ್‌ಗೆ (ಗೇರ್‌ಬಾಕ್ಸ್ ಕಲಿತಿದ್ದ ಹಳೆ ಅಭ್ಯಾಸ ಅಳಿಸಿ ಹೊಸದಾಗಿ ಕಲಿಸುವುದು) 2,500 ಕೊಟ್ಟೆ. ರೀಸೆಟ್ ಆದ ಮೇಲೆ ಮೊದಲ ಇಪ್ಪತ್ತು ಕಿಲೋಮೀಟರ್ ಓಡಿಸುವುದಕ್ಕೆ ಒಂದು ಕ್ರಮ ಇದೆ. ಅದನ್ನು ಕಂಡುಕೊಳ್ಳಲು ನನಗೆ ಮೂರು ಭಾನುವಾರ ಹಿಡಿಯಿತು. ಬೇಕಾದವರು ಮೈಸೂರಿಗೆ ಬನ್ನಿ, ಕಾಫಿ ಕುಡಿಸಿದರೆ ಹೇಳುತ್ತೇನೆ.

ಒದೆತ ಹೋದರೂ ಬೆಟ್ಟ ಹತ್ತುವಾಗ ಉಸಿರು ಸಾಲುತ್ತಿರಲಿಲ್ಲ. ಟರ್ಬೊ ಬದಲಿಸಿ, ಒಂದು ಲಕ್ಷ ಅಂದರು. ನನಗೆ ಟರ್ಬೊದ ಗಾಳಿ ಪೈಪ್ ಸೋರುತ್ತಿದೆ ಅಂತ ಅನುಮಾನ. ಹೊಗೆ ಬಿಟ್ಟು ಸೋರಿಕೆ ಹುಡುಕುವ ಸ್ಮೋಕ್ ಮಷಿನ್ ಯಾರ ಹತ್ತಿರ ಇದೆ? ಬಿಸ್ಕೆಟ್ ಡಬ್ಬದಲ್ಲಿ ಕೆಂಡ, ಸಾಂಬ್ರಾಣಿ ಹಾಕಿ, ಸೈಕಲ್ ಪಂಪಿನಿಂದ ಹೊಗೆಯನ್ನು ಇಂಟೇಕ್‌ಗೆ ತಳ್ಳಿದೆ. ಇಂಟರ್‌ಕೂಲರ್ ಹೋಸಿನ ಅಡಿಯಿಂದ ಹೊಗೆ ಎದ್ದಿತು, ಕೂದಲೆಳೆಯಷ್ಟು ಸೀಳು. ಹೋಸ್ ನಾಲ್ಕೂವರೆ ಸಾವಿರ. ಆದರೆ ನೀವು ಹೀಗೆ ಮಾಡಬೇಡಿ. ಸಾಂಬ್ರಾಣಿಯ ಅಂಟು ಏರ್ ಫ್ಲೋ ಸೆನ್ಸರಿಗೆ ಮೆತ್ತಿಕೊಂಡು ಅದನ್ನು ತೊಳೆಯುವ ಕೆಲಸ ಬಂತು. ಎರಡು ವಾರ ಎಸಿ ಹಾಕಿದರೆ ದೇವಸ್ಥಾನದ ವಾಸನೆ.

ಮಿಕ್ಕಿದ್ದೆಲ್ಲ ಈ ವರ್ಗದ ಗಾಡಿಗಳ ಮಾಮೂಲಿ ಕಾಯಿಲೆಗಳೇ. ರನ್‌ಫ್ಲಾಟ್ ಟೈರ್ (ಗಾಳಿ ಹೋದರೂ ಸ್ವಲ್ಪ ದೂರ ಓಡುವಂಥದ್ದು) ಗುಂಡಿಗೆ ಬಿದ್ದು ಪಕ್ಕ ಉಬ್ಬಿದಾಗ ಒಂದಕ್ಕೆ 17 ಸಾವಿರ ಕೇಳಿದರು. ನಾಲ್ಕೂ ಕಿತ್ತು ಸಾಮಾನ್ಯ ಟೈರ್ ಹಾಕಿಸಿದೆ, ಒಟ್ಟು 34. ಡಿಕ್ಕಿಯಲ್ಲಿ ಪಂಕ್ಚರ್ ಕಿಟ್ ಇಟ್ಟಿದ್ದೇನೆ. ಡಿಪಿಎಫ್ (ಡೀಸೆಲ್ ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಲೈಟ್ ಬಂದರೆ ಬೆಂಗಳೂರು ಹೈವೇಯಲ್ಲಿ ಮಂಡ್ಯದವರೆಗೆ ಒಂದೇ ಸಮನೆ ಓಡಿಸಿಕೊಂಡು ಬರುತ್ತೇನೆ, ಮಸಿ ಸುಟ್ಟು ಲೈಟ್ ಹೋಗುತ್ತದೆ. ಚಕ್ರವನ್ನು ಹಿಡಿದಿಡುವ ಲೋವರ್ ಆರ್ಮ್ ಪೂರ್ತಿ ಬದಲಿಸಿದರೆ ಒಂದು ಕಡೆಗೆ 22 ಸಾವಿರ. ನಾನು ಅದರ ರಬ್ಬರ್ ಬುಷ್ ಮಾತ್ರ ಲೇತ್ ಅಂಗಡಿಯಲ್ಲಿ ಒತ್ತಿಸಿದೆ. ಮೊದಲ ಸಲದ್ದು ಏಳು ಸಾವಿರ ಕಿಲೋಮೀಟರಿಗೇ ಹರಿಯಿತು. ಎರಡನೇ ಸಲ ಬೇರೆ ಗಾಡಿಯ ಬುಷ್ ಅಳತೆ ನೋಡಿ ಕೂರಿಸಿದೆ. ಎರಡೂ ಕಡೆ ಸೇರಿ ಐದು ಸಾವಿರದೊಳಗೆ ಮುಗಿಯಿತು, 20 ಸಾವಿರ ಓಡಿದರೂ ಗಟ್ಟಿ ಇದೆ. ಯಾವ ಗಾಡಿಯ ಬುಷ್ ಅನ್ನುವುದು ನನ್ನ ಮತ್ತು ಲೇತ್ ಅಂಗಡಿಯವರ ಮಧ್ಯೆ ಇರಲಿ.

ಈಗ ಭಾಯ್ ಗ್ಯಾರೇಜಿಗೆ ಯಾವ ಆಟೊಮ್ಯಾಟಿಕ್ ಗಾಡಿ ಬಂದರೂ ನನಗೆ ಫೋನ್ ಬರುತ್ತದೆ: "ಸಾರ್, ಮೀಟರ್ ತಗೊಂಡು ಬನ್ನಿ." ಹೋಗುತ್ತೇನೆ. ಮೊನ್ನೆ ಮಳೆಗೆ ನನ್ನ ಗಾಡಿಯ ಸನ್‌ರೂಫ್ ಸೋರಿ ಪಕ್ಕದ ಸೀಟು ಒದ್ದೆಯಾಗಿತ್ತು. ಡ್ರೈನ್ ಪೈಪಿಗೆ ಹಳೆ ಬ್ರೇಕ್ ಕೇಬಲ್ ತೂರಿಸಿ ನೋಡಬೇಕು, ಭಾವನಿಗೆ ಇನ್ನೂ ಹೇಳಿಲ್ಲ.