ಎರಡು ಫಾರ್ಮ್ 16, ಎರಡರಲ್ಲೂ ಸೊನ್ನೆ, ಆದರೂ 29,536 ರೂಪಾಯಿ ತೆರಿಗೆ

2024ರ ಸೆಪ್ಟೆಂಬರ್‌ನಲ್ಲಿ ನಾನು ಕೆಲಸ ಬದಲಿಸಿದೆ. ಹಳೇ ಕಂಪನಿಯಲ್ಲಿ ಏಪ್ರಿಲ್‌ನಿಂದ ಐದು ತಿಂಗಳು, ತಿಂಗಳಿಗೆ 55,000. ಹೊಸದರಲ್ಲಿ ಏಳು ತಿಂಗಳು, ತಿಂಗಳಿಗೆ 80,000. ಎರಡೂ ಕಡೆ ಒಂದು ರೂಪಾಯಿ ಟಿಡಿಎಸ್ (ದುಡ್ಡು ಕೈಗೆ ಬರುವ ಮೊದಲೇ ಹಿಡಿಯುವ ತೆರಿಗೆ) ಹಿಡಿಯಲಿಲ್ಲ. ಮರುವರ್ಷ ಜೂನ್‌ನಲ್ಲಿ ಎರಡೂ ಕಡೆಯಿಂದ ಫಾರ್ಮ್ 16, ಅಂದರೆ ಕೊಟ್ಟ ಸಂಬಳ, ಹಿಡಿದ ತೆರಿಗೆಯ ಲೆಕ್ಕದ ಕಾಗದ, ಬಂತು. ಎರಡರ ಕೊನೆಯ ಸಾಲಿನಲ್ಲೂ ತೆರಿಗೆ ಸೊನ್ನೆ. ಹಾಗಾದರೆ ನಾನು ಕಟ್ಟುವುದು ಏನೂ ಇಲ್ಲ ಅಂತ ನಿಶ್ಚಿಂತೆಯಿಂದ ಇದ್ದೆ.

ಆಗಸ್ಟ್‌ನಲ್ಲಿ ರಿಟರ್ನ್ ತುಂಬಲು ಕೂತೆ. ಎರಡೂ ಸಂಬಳ ಹಾಕಿದ ತಕ್ಷಣ ಪರದೆಯ ಮೇಲೆ ಕಟ್ಟಬೇಕಾದ ಮೊತ್ತ 30,000ದ ಹತ್ತಿರ ಬಂತು. ಏನೋ ತಪ್ಪು ಒತ್ತಿರಬೇಕು ಅಂತ ಎಲ್ಲಾ ಅಳಿಸಿ ಮತ್ತೆ ತುಂಬಿದೆ. ಮತ್ತೆ ಅದೇ ಸಂಖ್ಯೆ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ದುಡ್ಡು ಹೋಗುತ್ತದೆ ಅನ್ನುವುದಕ್ಕಿಂತ, ಯಾಕೆ ಹೋಗುತ್ತಿದೆ ಅಂತ ಗೊತ್ತಾಗದೆ ಇದ್ದದ್ದೇ ಜಾಸ್ತಿ ಸಂಕಟ.

ಮಾರನೇ ದಿನ ಕಂಪ್ಯೂಟರ್ ಮುಚ್ಚಿಟ್ಟು, ನೋಟ್‌ಬುಕ್ಕಿನ ಒಂದು ಹಾಳೆ ತೆಗೆದುಕೊಂಡೆ. ಎರಡು ಫಾರ್ಮ್ 16 ಅಕ್ಕಪಕ್ಕ ಇಟ್ಟು ಒಂದೊಂದೇ ಸಾಲು ಓದಿದೆ. ಹಳೇ ಕಂಪನಿ: 2,75,000 ಸಂಬಳ, ಅದರಲ್ಲಿ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ (ಸಂಬಳದವರಿಗೆಲ್ಲ ಸಿಗುವ ಕಡಿತ) ಕಳೆದಿದ್ದಾರೆ. ಹೊಸ ಕಂಪನಿ: 5,60,000 ಸಂಬಳ, ಅಲ್ಲೂ 75,000 ಕಳೆದಿದ್ದಾರೆ. ಉತ್ತರ ಅಲ್ಲೇ ಇತ್ತು. ಆ 75,000 ಒಬ್ಬ ಮನುಷ್ಯನಿಗೆ ವರ್ಷಕ್ಕೆ ಒಂದೇ ಸಲ. ಆ ವರ್ಷ ಮೊದಲ 3 ಲಕ್ಷಕ್ಕೆ ತೆರಿಗೆ ಇರಲಿಲ್ಲ, ಅದೂ ಒಂದೇ ಸಲ. 7 ಲಕ್ಷದವರೆಗಿನ ಆದಾಯಕ್ಕೆ ಆಗ ಸಿಗುತ್ತಿದ್ದ 87ಎ ರಿಬೇಟ್ (ತೆರಿಗೆ ಮನ್ನಾ) ಕೂಡ ಒಟ್ಟು ಆದಾಯ ನೋಡಿ ಕೊಡುವಂಥದ್ದು. ಇಬ್ಬರೂ ನಾನು ಅವರಲ್ಲಿ ಮಾತ್ರ ದುಡಿದೆ ಅಂತ ಲೆಕ್ಕ ಹಾಕಿದ್ದರು.

ಹಾಳೆಯ ಮೇಲೆ ನಾನೇ ಕೂಡಿಸಿದೆ. ಸಂಬಳ ಒಟ್ಟು 8,35,000. ಅದರಲ್ಲಿ 75,000 ಕಳೆದರೆ 7,60,000. ಇನ್ನೊಂದು ಆದಾಯ ನನಗೆ ಮರೆತೇ ಹೋಗಿತ್ತು. ಎಫ್‌ಡಿ ಬಡ್ಡಿ, 24,000. ಬ್ಯಾಂಕ್ ಅದಕ್ಕೆ ಟಿಡಿಎಸ್ ಹಿಡಿದಿರಲಿಲ್ಲ, ಆ ವರ್ಷ 40,000 ದಾಟಿದರೆ ಮಾತ್ರ ಹಿಡಿಯುತ್ತಿದ್ದರು. ಹಾಗಾಗಿ ಹಿಡಿದ ತೆರಿಗೆಯ ಪಟ್ಟಿಯಾದ 26ಎಎಸ್‌ನಲ್ಲಿ ಅದು ಕಾಣಲಿಲ್ಲ. ಇಲಾಖೆಗೆ ತಿಳಿದಿರುವ ನಮ್ಮ ಆದಾಯಗಳ ಪಟ್ಟಿ, ಎಐಎಸ್, ತೆಗೆದು ನೋಡಿದರೆ ಅಲ್ಲಿ ಕೂತಿತ್ತು. ಟಿಡಿಎಸ್ ಹಿಡಿದಿಲ್ಲ ಅಂದ ಮಾತ್ರಕ್ಕೆ ತೆರಿಗೆ ಇಲ್ಲ ಅಂತ ಅಲ್ಲ. ಇದನ್ನು ಎಷ್ಟೋ ಓದಿದವರೂ ತಪ್ಪು ತಿಳಿದಿರುತ್ತಾರೆ, ನಾನೂ ಹಾಗೇ ತಿಳಿದಿದ್ದೆ.

ಎಲ್ಲಾ ಸೇರಿ 7,84,000. ಆ ವರ್ಷ ತೆರಿಗೆಯ ಹೊಸ ಪದ್ಧತಿಯಲ್ಲಿ (ದರ ಕಡಿಮೆ, ವಿನಾಯಿತಿಯೂ ಕಡಿಮೆ) 3ರಿಂದ 7 ಲಕ್ಷದವರೆಗೆ ಶೇ 5, ಅಂದರೆ 20,000. ಉಳಿದ 84,000ಕ್ಕೆ ಶೇ 10, ಅಂದರೆ 8,400. ಇದರ ಮೇಲೆ ಶೇ 4 ಸೆಸ್, 1,136. ಒಟ್ಟು 29,536. ಎಫ್‌ಡಿ ಬಡ್ಡಿಯನ್ನೂ ರಿಟರ್ನ್‌ಗೆ ಸೇರಿಸಿದ ಮೇಲೆ, ಕೈಯಿಂದ ಹಾಕಿದ ಲೆಕ್ಕ ಪರದೆಯ ಮೇಲಿನ ತೆರಿಗೆಗೆ ತಾಳೆಯಾದಾಗ ಎದೆಯ ಭಾರ ಅರ್ಧ ಇಳಿಯಿತು.

ಉಳಿದರ್ಧ ಬಡ್ಡಿಯದು. ಟಿಡಿಎಸ್ ಕಳೆದ ಮೇಲೂ 10,000 ಅಥವಾ ಅದಕ್ಕಿಂತ ಜಾಸ್ತಿ ತೆರಿಗೆ ಬಾಕಿ ಬರುವ ಹಾಗಿದ್ದರೆ, ಆ ವರ್ಷದಲ್ಲೇ ನಾಲ್ಕು ಕಂತಿನಲ್ಲಿ ಮುಂಗಡ ತೆರಿಗೆ ಕಟ್ಟಬೇಕಂತೆ. ಕಟ್ಟದಿದ್ದಕ್ಕೆ 234ಬಿ, 234ಸಿ ಅಂತ ಎರಡು ಬಗೆಯ ಬಡ್ಡಿ, ಸೇರಿ ಹತ್ತಿರ ಹತ್ತಿರ 3,000. ಇಲ್ಲೇ ನನಗೆ ನಿಜವಾಗಿ ಸಿಟ್ಟು ಬಂದದ್ದು. ತೆರಿಗೆ ಕಟ್ಟುವುದಕ್ಕೆ ನನ್ನ ತಕರಾರಿಲ್ಲ. ಆದರೆ ತಿಂಗಳ ಸಂಬಳದವನು ಅಂದರೆ ಕಂಪನಿಯೇ ಹಿಡಿದು ಕಟ್ಟುತ್ತದೆ ಅಂತ ತಾನೆ ನಾವೆಲ್ಲ ನಂಬಿರುವುದು? ಎರಡು ಕಡೆಯ ಲೆಕ್ಕ ಸೇರಿಸುವ ಕೆಲಸ ನನ್ನದು ಅಂತ ಹೇಳಿದವರೇ ಇಲ್ಲ. ಅದಕ್ಕೆ ಆಗ ಫಾರ್ಮ್ 12ಬಿ ಅಂತ ಒಂದು ಕಾಗದ ಇತ್ತು. ಹಿಂದಿನ ಕಂಪನಿಯ ಸಂಬಳ, ಟಿಡಿಎಸ್ ವಿವರ ಬರೆದು ಹೊಸ ಕಂಪನಿಗೆ ಕೊಟ್ಟಿದ್ದರೆ, ಅವರು ಒಟ್ಟು ಲೆಕ್ಕ ಹಾಕಿ ತಿಂಗಳು ತಿಂಗಳು ಹಿಡಿಯುತ್ತಿದ್ದರು. ಸೇರಿದ ದಿನ ನಾನು ಎಷ್ಟೋ ಕಾಗದಕ್ಕೆ ಸಹಿ ಹಾಕಿದ್ದೆ. ಇದೊಂದರ ಹೆಸರು ಕಿವಿಗೆ ಬಿದ್ದಿರಲಿಲ್ಲ.

ಹಳೇ ಪದ್ಧತಿಗೆ ಹೋದರೆ ಉಳಿಯುತ್ತದಾ ಅಂತಲೂ ನೋಡಿದೆ. ಪಿಎಫ್, ಮನೆ ಬಾಡಿಗೆ ಎಲ್ಲಾ ಸೇರಿಸಿದರೂ ಅಲ್ಲಿ ಜಾಸ್ತಿಯೇ ಬಂತು. ಬಾಡಿಗೆಯ ಲೆಕ್ಕದಲ್ಲಿ ಮೂಲ ವೇತನದ ಶೇ 50ರವರೆಗೆ ವಿನಾಯಿತಿ ಸಿಗುತ್ತಿದ್ದದ್ದು ದೆಹಲಿ, ಮುಂಬೈ, ಕೋಲ್ಕತ್ತಾ, ಚೆನ್ನೈಗೆ ಮಾತ್ರ. ಬೆಂಗಳೂರಿನವರಿಗೆ ಆ ವರ್ಷ ಶೇ 40. ಇಲ್ಲಿನ ಬಾಡಿಗೆ ಕೊಡುತ್ತಿದ್ದವರಿಗೆ ಅದು ನ್ಯಾಯ ಅನಿಸುತ್ತಿತ್ತಾ?

ಕೊನೆಗೆ ದುಡ್ಡು ಕಟ್ಟುವಾಗ ಇನ್ನೊಂದು ತೊಡಕು. ಚಲನ್‌ನಲ್ಲಿ ವರ್ಷ ಆರಿಸಬೇಕು. ನಾನು ದುಡಿದದ್ದು 2024-25ರಲ್ಲಿ, ಕೈ ಸೀದಾ ಅದರ ಮೇಲೇ ಹೋಯಿತು. ಅಲ್ಲಿ ಕೇಳುತ್ತಿದ್ದದ್ದು ಅಸೆಸ್‌ಮೆಂಟ್ ವರ್ಷ, ಅಂದರೆ ದುಡಿದದ್ದರ ಮರುವರ್ಷ, 2025-26. ಒತ್ತುವ ಮೊದಲು ಕಣ್ಣಿಗೆ ಬಿತ್ತು. ತಪ್ಪಿ ಒತ್ತಿದ್ದರೆ ದುಡ್ಡು ಬೇರೆ ವರ್ಷದ ಖಾತೆಗೆ ಹೋಗಿ, ಈ ವರ್ಷದ ಬಾಕಿ ಹಾಗೇ ಉಳಿಯುತ್ತಿತ್ತು. ತೆರಿಗೆಯ ಬಗೆಯಲ್ಲಿ ಸೆಲ್ಫ್ ಅಸೆಸ್‌ಮೆಂಟ್ (ನಾವೇ ಲೆಕ್ಕ ಹಾಕಿ ಕಟ್ಟುವ ತೆರಿಗೆ), ಕೋಡ್ 300, ಆರಿಸಿ ಕಟ್ಟಿದೆ. ಚಲನ್‌ನ ಬಿಎಸ್ಆರ್ ಕೋಡ್ (ಬ್ಯಾಂಕ್ ಶಾಖೆಯ ಸಂಖ್ಯೆ), ದಿನಾಂಕ, ನಂಬರ್ ಮೂರನ್ನೂ ರಿಟರ್ನ್‌ನಲ್ಲಿ ತುಂಬಿದ ಮೇಲೆ ಬಾಕಿ ಸೊನ್ನೆಯಾಯಿತು. ಆಧಾರ್ ಒಟಿಪಿ ಹಾಕಿ ಇ-ವೆರಿಫೈ ಅವತ್ತೇ ಮುಗಿಸಿದೆ. ಅದಕ್ಕೆ 30 ದಿನ ಸಮಯವಿದೆ, ಆದರೆ ಮುಂದೂಡಿದರೆ ಮರೆತೇ ಹೋಗುತ್ತದೆ.

1961ರ ಕಾಯ್ದೆಯ ಜಾಗಕ್ಕೆ ಈಗ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಬಂದಿದೆ, 2026ರ ಏಪ್ರಿಲ್ 1ರಿಂದ ಜಾರಿ. 819 ಸೆಕ್ಷನ್ ಇದ್ದದ್ದು 536ಕ್ಕೆ ಇಳಿದಿದೆ. ಎರಡೆರಡು ವರ್ಷದ ಹೆಸರು ಹೋಗಿ 'ಟ್ಯಾಕ್ಸ್ ಇಯರ್' ಅಂತ ಒಂದೇ ಮಾಡಿದ್ದಾರೆ. ಆ ಚಲನ್ ಮುಂದೆ ಕೂತಿದ್ದವನಿಗೆ ಇದು ಸಣ್ಣ ಬದಲಾವಣೆ ಅನಿಸುವುದಿಲ್ಲ. ಆದರೆ 2025-26ರ ಆದಾಯದ ರಿಟರ್ನ್‌ಗೆ ಇನ್ನೂ ಹಳೇ ಹೆಸರುಗಳೇ, ಚಲನ್ ತುಂಬುವಾಗ ನೆನಪಿರಲಿ.

ಸ್ವಲ್ಪ ದಿನ ಬಿಟ್ಟು 143(1) ಇಂಟಿಮೇಷನ್, ಅಂದರೆ ರಿಟರ್ನ್ ಪರಿಶೀಲಿಸಿ ಇಲಾಖೆ ಕಳಿಸುವ ಮೇಲ್, ಬಂತು. ಅದರಲ್ಲಿ ಎರಡು ಕಾಲಂ. ಒಂದರಲ್ಲಿ ನಾನು ಕೊಟ್ಟ ಲೆಕ್ಕ, ಪಕ್ಕದಲ್ಲಿ ಅವರು ಹಾಕಿದ ಲೆಕ್ಕ. ಪರದೆಯ ಮೇಲೆ ಬೆರಳಿಟ್ಟು ಒಂದೊಂದೇ ಸಾಲು ಇಳಿದೆ. 7,84,000ದ ಎದುರು 7,84,000. 29,536ರ ಎದುರು 29,536. ಕೊನೆಯ ಸಾಲಿನಲ್ಲಿ ಎರಡೂ ಕಡೆ ಸೊನ್ನೆ. ಆ ಮೇಲ್ ಪ್ರಿಂಟ್ ತೆಗೆದು ನೋಟ್‌ಬುಕ್ಕಿನ ಅದೇ ಹಾಳೆಗೆ ಪಿನ್ ಮಾಡಿ ಇಟ್ಟಿದ್ದೇನೆ.